ದಾರವಿಲ್ಲದ ಹೊಲಿಗೆ

ಕೌಲ್‌ಬಜಾರಿನ ನಮ್ಮ ಕೆಳಮನೆಯಲ್ಲಿ ಹದಿನಾಲ್ಕು ಮಷೀನು,
ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತು.
ಅಷ್ಟು ಹೊತ್ತೂ ಯಾರ ಮಾತೂ ಯಾರಿಗೂ ಕೇಳಿಸದು.
ಕಾಜಕ್ಕೆ ಎರಡು ಬೆರಳು, ಜಿಪ್ಪಿಗೆ ಕೊಕ್ಕೆ ಬೆರಳು,
ಕೈಸನ್ನೆಯಲ್ಲೇ ಜಗಳ, ಕೈಸನ್ನೆಯಲ್ಲೇ ರಾಜಿ.

ಒಂಬತ್ತಕ್ಕೆ ಅಣ್ಣ ಎರ್ರಿಸ್ವಾಮಿ ಕೆಳಗಿನ ಮೇನ್ ಇಳಿಸಿದರೆ
ಮೇಲೆ, ತಗಡಿನ ಕೋಣೆಯಲ್ಲಿ, ನನ್ನದು ಶುರು.

ಪಿಸಿ ಡಬ್ಬಿಯಲ್ಲೇ ಸಿದ್ಧವಾಗಿ ಬಂದಿತ್ತು.
'ಹೊಲಿಯೋರ ಮನೆಗೆ ರೆಡಿಮೇಡ್ ತಂದ್ಯಲ್ಲೋ' ಎಂದು ಅಣ್ಣ ನಕ್ಕಿದ್ದ.
ಮೇಲೆ ಗಾಜು, ಬಣ್ಣ ಬದಲಿಸುವ ದೀಪ;
ಒಳಗೆ, ಜೇಬಿನ ಅಸ್ತರಿನಂಥ ಅಗ್ಗದ ಕಾರ್ಡು.
ಉಳಿದವರಿಗಿಂತ ನಮಗೆ ಗೊತ್ತಿರಬೇಕಿತ್ತು:
ಹೊರಹೊಲಿಗೆ ಮಿಂಚುತ್ತಿದ್ದರೆ
ಗಿರಾಕಿ ಒಳಗೆ ಕೈ ಹಾಕಿ ನೋಡುವುದಿಲ್ಲ.

ಏಪ್ರಿಲ್. ಹೊರಗೆ ನಲವತ್ತೆರಡು,
ಕಾರ್ಡಿನ ಒಳಗೆ ಎಂಬತ್ತೊಂಬತ್ತು.
ನಾನೋ ಪರದೆಯ ಮೇಲೆ
ಯಾವುದೋ ದೇಶದ ಬೆಟ್ಟದ ಹಾದಿಯಲ್ಲಿ ಲಾರಿ ಓಡಿಸುತ್ತಿದ್ದೆ.
ಹಿಮ ಬೀಳುತ್ತಿತ್ತು.
ಹಿಮ ದಟ್ಟವಾದಷ್ಟೂ ಕಾರ್ಡು ಕಾಯುತ್ತಿತ್ತು,
ಮೊಣಕಾಲಿನ ಪಕ್ಕ ಮಿರ್ಚಿ ಕರಿಯುವ ಬಾಣಲೆ ಇಟ್ಟ ಹಾಗೆ.
ಮತ್ತೆ ಆ ಸದ್ದು!
'ರಾತ್ರೀನೂ ಗಿರಣಿ ನಡಸ್ತೀರೇನು?' ಎಂದು
ಎದುರು ಮನೆಯವರು ಕಿಟಕಿ ತೆರೆದು ಕೇಳಿ
ಉತ್ತರ ಕೇಳಿಸದೆ ಮುಚ್ಚಿಕೊಂಡರು.

ಹೊನ್ನೂರಸಾಬ ಬಂದ.
ಎಂಬ್ರಾಯ್ಡರಿ ಮಷೀನುಗಳ ಹೊಟ್ಟೆ ಬಿಚ್ಚುವವನು,
ಸ್ಕ್ರೂಗಳನ್ನು ಎದೆಜೇಬಿನಲ್ಲೇ ಹಾಕಿಕೊಳ್ಳುವವನು.
ಕಾರ್ಡು ಎಳೆದು ಟಾರ್ಚು ಬಿಟ್ಟರೆ
ಫ್ಯಾನಿನ ಎಲೆಗಳಿಗೆ ನೀಲಿ ಜೂಲು ಮೆತ್ತಿದೆ, ನಮ್ಮದೇ ಜೀನ್ಸಿನದು;
ಉಗುರಿನಿಂದ ಕೆರೆದ. ಅದರ ಕೆಳಗೆ ಕೆಂಪು,
ಅದಿರಿನ ಲಾರಿಗಳು ಉದುರಿಸಿ ಹೋದದ್ದು.
'ಊರನ್ನೇ ಸೇದೈತಲ್ಲೋ ಇದು' ಅಂದ.
ಒರೆಸಿದರೆ ಆಗದೇ?
'ಬೇರಿಂಗೇ ಹೋಗೈತೆ. ಕೆಮ್ಮು ಹೋಗಲ್ಲ.'

ಹೊಸ ಕಾರ್ಡಿಗೆ ಮೂರು ತಿಂಗಳ ಓಟಿ.
ಹೊಸ ಪವರ್ ಡಬ್ಬಿಗೆ ಅಣ್ಣನ ಹತ್ತಿರ ಸಾಲ:
ಹಳೆಯದಕ್ಕೆ ಆರು ಪಿನ್ನು ಸಾಕಿತ್ತು, ಇದಕ್ಕೆ ಎಂಟು ಬೇಕಂತೆ.
ಎಲ್ಲ ಬಂತು. ಇಟ್ಟು ನೋಡಿದರೆ
ಕಾರ್ಡು ಒಂದೂವರೆ ಬೆರಳು ಉದ್ದ.

ಅಣ್ಣ ಕೊರಳ ಟೇಪು ತೆಗೆದು ಅಳೆದ. ಮತ್ತೊಮ್ಮೆ ಅಳೆದ.
ಅವನಿಗೆ ನಿಜವಾದ ಸಿಟ್ಟು ಬಂದದ್ದು ಆಗಲೇ,
ಬೆಲೆಗೂ ಅಲ್ಲ, ಸಾಲಕ್ಕೂ ಅಲ್ಲ:
'ಮಾರ್ಜಿನ್ ಬಿಡದೆ ಕಟ್ ಮಾಡ್ಯಾನ. ಯಾವನವ ಮಾಸ್ಟರು?'
ಬಟ್ಟೆಯಾದರೆ ಬಿಚ್ಚಿ ಸಡಿಲಿಸಬಹುದು. ಇದು ತಗಡು.
ರಿವೆಟ್ ಒಡೆದು, ಡಿಸ್ಕಿಡುವ ಪಂಜರ ಕಿತ್ತು,
ಅಂಚು ಚುಚ್ಚದಿರಲೆಂದು ಡೆನಿಮ್ ಪಟ್ಟಿ ಅಂಟಿಸಿದ.
ಆ ಪೆಟ್ಟಿಗೆಯಲ್ಲಿ ನಮ್ಮ ಕೈಯ ಕೆಲಸ ಅಷ್ಟೇ.

ಗುಂಡಿ ಒತ್ತಿದೆ.
ದೀಪ ಬಂತು, ಸದ್ದು ಬರಲಿಲ್ಲ.
ಕೆಟ್ಟಿತೇನೋ ಎಂದು ಮೂವರೂ ಬಗ್ಗಿ ನೋಡಿದೆವು.
ಫ್ಯಾನುಗಳು ಸುಮ್ಮನೆ ನಿಂತಿದ್ದವು,
ತಂಪಾಗಿದ್ದರೆ ತಿರುಗುವುದೇ ಇಲ್ಲವಂತೆ.
ಪರದೆಯ ಮೇಲೆ ಹಿಮ ಬಿತ್ತು, ಹಿಮದ ಹಾಗೆಯೇ.
ಹೊನ್ನೂರಸಾಬನ ವಾಚು ಕೇಳಿಸಿತು.
ಬೀದಿಯಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹೋದದ್ದು ಕೇಳಿಸಿತು.

ಆಮೇಲೆ ಕೂಸು.

ಸಂಕ್ರಾಂತಿಗೆ ಹುಟ್ಟಿದ್ದು. ಹಗಲು ಹದಿನಾಲ್ಕು ಮಷೀನು,
ರಾತ್ರಿ ನನ್ನ ಕಾರ್ಡು; ಮೌನವನ್ನು ಅದು ಕಂಡೇ ಇರಲಿಲ್ಲ.
ಹೆದರಿ ಅತ್ತಿತು.
ಅತ್ತಿಗೆ ಹುಲಿಗೆಮ್ಮ ಮೆಟ್ಟಿಲ ಮೇಲೆ ಅರ್ಧಕ್ಕೆ ನಿಂತು
'ಏನು ಬಂದ್ ಮಾಡಿದ್ರಿ?' ಅಂದಳು.
ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು,
ಇಳಿದು ಹೋದಳು.

ಕೆಳಗೆ ಮೇನ್ ಏರಿದ ಸದ್ದು.
ಹನ್ನೊಂದೂವರೆಗೆ ಒಂದೇ ಒಂದು ಮಷೀನು.
ಇಣುಕಿದರೆ, ತೊಡೆಯ ಮೇಲೆ ಕೂಸು;
ಸೂಜಿಯಿಂದ ದಾರ ತೆಗೆದಿದ್ದಾಳೆ,
ಚೂರುಬಟ್ಟೆಯೊಂದನ್ನು ಸರಿಸುತ್ತ ಸರಿಸುತ್ತ
ಖಾಲಿ ಹೊಲಿಯುತ್ತಿದ್ದಾಳೆ.

ಹಳೆಯ ಕಾರ್ಡನ್ನು ಗುಜರಿಗೆಂದು ಎತ್ತಿಕೊಂಡಿದ್ದ ಹೊನ್ನೂರಸಾಬ
ಅವಳನ್ನು ನೋಡಿ, ಮಾತಾಡದೆ,
ಜಿಪ್ಪಿನ ಡಬ್ಬಿಯ ಮೇಲಿಟ್ಟು ಹೋದ.